ಗೆಳೆಯರ ಜೊತೆ ಗ್ರೀಕ್ ದ್ವೀಪಗಳ ಕ್ರೂಸ್: ಯಾವುದು ಮೊದಲು, ಯಾವುದು ಆಮೇಲೆ

ಗ್ರೀಸಿನ ಕ್ರೂಸ್ ಸಮುದ್ರದಲ್ಲಿ ಕೆಡುವುದು ಕಡಿಮೆ, ಊರಿನಲ್ಲಿ ಕೂತಾಗಲೇ ಕೆಡುವುದು ಜಾಸ್ತಿ. ಅಗ್ಗಕ್ಕೆ ಸಿಕ್ಕಿತೆಂದು ವಿಮಾನದ ಟಿಕೆಟ್ ಮೊದಲೇ ತೆಗೆದಿರುತ್ತಾರೆ. ಆಮೇಲೆ ನೋಡಿದರೆ ಹಡಗು ಹೊರಡುವುದು ಅದರ ಹಿಂದಿನ ದಿನ. ವೀಸಾ ಬಂದಿರುತ್ತದೆ, ಆದರೆ ಒಂದೇ ಪ್ರವೇಶದ್ದು. ಹಡಗು ನಡುವೆ ಟರ್ಕಿಗೆ ಹೋಗಿ ಬರುತ್ತದೆ ಎಂಬುದು ಯಾರಿಗೂ ಹೊಳೆದಿರುವುದಿಲ್ಲ. ಸ್ಯಾಂಟೊರಿನಿಯಲ್ಲಿ ಸೂರ್ಯಾಸ್ತ ನೋಡಲು ಹೋದವರು ಕೇಬಲ್ ಕಾರಿನ ಸಾಲಿನಲ್ಲಿ ಸಿಕ್ಕಿಕೊಂಡು, ಕೆಳಗೆ ತಮ್ಮ ಹಡಗು ಹೊರಡಲು ಸಜ್ಜಾಗುವುದನ್ನು ನೋಡುತ್ತಾ ನಿಂತಿರುತ್ತಾರೆ. ಈ ಮೂರಕ್ಕೂ ಕಾರಣ ಒಂದೇ: ಕೆಲಸಗಳ ಸರದಿ ತಪ್ಪಿದ್ದು.

ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಭಾರತದ ಪಾಸ್‌ಪೋರ್ಟ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಗುಂಪಿನಲ್ಲಿ ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ನೆಲೆಸಿದ ಗೆಳೆಯರಿದ್ದರೆ, ಅವರ ದಾರಿ ಬೇರೆಯಾಗುವ ಕಡೆ ಅದನ್ನೂ ಸೂಚಿಸಿದ್ದೇನೆ.

ಹಂತ 1: ತಲೆ ಎಣಿಸಿ, ಪಾಸ್‌ಪೋರ್ಟ್ ನೋಡಿ

ವಾಟ್ಸಾಪ್ ಗುಂಪಿನಲ್ಲಿ "ನಾನೂ ಬರ್ತೀನಿ" ಅಂದವರೆಲ್ಲ ಬರುವುದಿಲ್ಲ. ಬರುವವರು ಯಾರೆಂದು ತಿಳಿಯಲು ಸುಲಭದ ದಾರಿ ಇದೆ: ಒಂದು ತಾರೀಖು ಹೇಳಿ, ಅದರೊಳಗೆ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಮತ್ತು ಮುಂಗಡದ ಪಾಲು ಕಳಿಸಲು ಕೇಳಿ. ಎರಡನ್ನೂ ಕಳಿಸಿದವರೇ ಗುಂಪು. ಉಳಿದವರ ಮೇಲೆ ಬೇಸರ ಬೇಡ, ಅವರಿಗಾಗಿ ಕಾಯುವುದೂ ಬೇಡ.

ಫೋಟೋ ಬಂದ ಕೂಡಲೇ ಮೂರು ವಿಷಯ ನೋಡಿ. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಯೂರೋಪಿನಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು. ಕೆಲವು ಹಡಗು ಕಂಪನಿಗಳು ಆರು ತಿಂಗಳು ಕೇಳುತ್ತವೆ, ಹಾಗಾಗಿ ಆರನ್ನೇ ಲೆಕ್ಕಕ್ಕೆ ಹಿಡಿಯಿರಿ. ಎರಡು ಖಾಲಿ ಪುಟ ಬೇಕು.

ಇನ್ನೊಂದು ತೊಡಕು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವಂಥದ್ದು, ಹೆಸರಿನದು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಇನ್ನು ಕೆಲವರಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಸೇರಿಕೊಂಡಿರುತ್ತವೆ. ಬುಕಿಂಗ್ ಜಾಲತಾಣ ಉಪನಾಮವಿಲ್ಲದೆ ಮುಂದೆ ಹೋಗುವುದಿಲ್ಲ. ಆಗ ಒಬ್ಬ ಅಪ್ಪನ ಹೆಸರು ಹಾಕುತ್ತಾನೆ, ಇನ್ನೊಬ್ಬಳು ಇರುವ ಹೆಸರನ್ನೇ ಎರಡು ಸಲ ಹಾಕುತ್ತಾಳೆ. ಏನು ಹಾಕಬೇಕೆಂದು ಹಡಗು ಕಂಪನಿಯನ್ನೂ ವಿಮಾನ ಕಂಪನಿಯನ್ನೂ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಹಡಗು, ವಿಮಾನ, ವಿಮೆ, ವೀಸಾ ಅರ್ಜಿ, ನಾಲ್ಕರಲ್ಲೂ ಹೆಸರು ಪಾಸ್‌ಪೋರ್ಟಿಗೆ ಹೊಂದಬೇಕು.

ಹಂತ 2: ತಿಂಗಳು ಗಟ್ಟಿಮಾಡಿ

ಜುಲೈ, ಆಗಸ್ಟ್ ಬೇಡ. ಬಿಸಿಲು, ನೂಕುನುಗ್ಗಲು, ದರ ಇವೆಲ್ಲ ಇದ್ದದ್ದೇ. ಅವುಗಳಿಗಿಂತ ದೊಡ್ಡ ತೊಂದರೆ ಮೆಲ್ಟೆಮಿ ಎಂಬ ಗಾಳಿ. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಇದು ಆಕಾಶ ಶುಭ್ರವಾಗಿದ್ದಾಗಲೇ ಜೋರಾಗುತ್ತದೆ. ಮಿಕೊನೋಸ್ ದ್ವೀಪ ಇದರ ಹಾದಿಯಲ್ಲೇ ಇದೆ. ಗಾಳಿ ಹೆಚ್ಚಾದರೆ ಕ್ಯಾಪ್ಟನ್ ಒಂದು ದ್ವೀಪವನ್ನೇ ಬಿಟ್ಟು ಮುಂದೆ ಹೋಗಬಹುದು, ಆ ಹಕ್ಕು ಟಿಕೆಟ್ಟಿನ ಶರತ್ತಿನಲ್ಲೇ ಇರುತ್ತದೆ. ಅದಕ್ಕೆ ದುಡ್ಡು ವಾಪಸ್ ಬರುವುದು ಬಂದರು ತೆರಿಗೆಯಷ್ಟೇ ಎಂದುಕೊಳ್ಳಿ.

ಮೇ ತಿಂಗಳು, ಸೆಪ್ಟೆಂಬರಿನ ಎರಡನೇ ಅರ್ಧ, ಅಕ್ಟೋಬರ್ ಮೊದಲ ವಾರಗಳು ಒಳ್ಳೆಯವು. ಈಜುವ ಆಸೆ ಇದ್ದರೆ ಮೇಗಿಂತ ಸೆಪ್ಟೆಂಬರ್ ಮೇಲು, ಬೇಸಿಗೆಯಿಡೀ ಕಾದ ನೀರು ಆಗ ಬೆಚ್ಚಗಿರುತ್ತದೆ.

ಹಂತ 3: ಹಡಗಿಗಿಂತ ಮೊದಲು ದಾರಿಪಟ್ಟಿ ಓದಿ

ಈಜುಕೊಳ ಎಷ್ಟಿದೆ, ಹಡಗು ಎಷ್ಟು ಅಂತಸ್ತಿನದು ಎಂದು ನೋಡಿ ಆರಿಸುವವರೇ ಹೆಚ್ಚು. ನೀವು ಹೋಗುತ್ತಿರುವುದು ದ್ವೀಪ ನೋಡಲು. ದಾರಿಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಪ್ರತಿ ಬಂದರಿನ ಮುಂದೆ ನಾಲ್ಕು ಪ್ರಶ್ನೆ ಹಾಕಿ.

ಎಷ್ಟು ಗಂಟೆ? ಪಟ್ಟಿಯಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 12 ಎಂದಿದ್ದರೆ ನಿಮ್ಮ ಕೈಗೆ ಸಿಗುವುದು ಹೆಚ್ಚೆಂದರೆ ಮೂರೂವರೆ ಗಂಟೆ. ಇಳಿಯಲು ಅನುಮತಿ ಸಿಗುವುದು ತಡ, ವಾಪಸ್ ಬರಬೇಕಾದದ್ದು ಬೇಗ.

ಕಟ್ಟೆಗೆ ಬರುತ್ತದೋ, ದೋಣಿಯಲ್ಲಿ ಇಳಿಸುತ್ತದೋ? ಹಡಗು ದೂರದಲ್ಲೇ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುವುದಕ್ಕೆ ಟೆಂಡರ್ ಎನ್ನುತ್ತಾರೆ. ಸ್ಯಾಂಟೊರಿನಿಯಲ್ಲಿ ಯಾವಾಗಲೂ ಹೀಗೆಯೇ. ಪಟ್ಮೋಸಿನಲ್ಲಿ ದೊಡ್ಡ ಹಡಗುಗಳಿಗೆ ಹೀಗೆ. ರೋಡ್ಸ್‌ನಲ್ಲಿ, ಕ್ರೀಟ್ ದ್ವೀಪದ ಹೆರಾಕ್ಲಿಯನ್‌ನಲ್ಲಿ ಹಡಗು ಕಟ್ಟೆಗೇ ಬರುತ್ತದೆ. ದೋಣಿ ಇದ್ದ ಕಡೆ ಕೈಗೆ ಸಿಗುವ ಸಮಯದಿಂದ ಒಂದು ಗಂಟೆ ಕಳೆದುಬಿಡಿ. ಮಂಡಿನೋವಿನವರು ಗುಂಪಿನಲ್ಲಿದ್ದರೆ ಇದನ್ನು ಮೊದಲೇ ತಿಳಿಸಿ.

ಅದೇ ದಿನ ಇನ್ನೊಂದು ಬಂದರು ಇದೆಯೇ? ಅಥೆನ್ಸಿನಿಂದ ಹೊರಡುವ ಮೂರು, ನಾಲ್ಕು ರಾತ್ರಿಯ ಕ್ರೂಸುಗಳಲ್ಲಿ ಬೆಳಿಗ್ಗೆ ಹೆರಾಕ್ಲಿಯನ್, ಸಂಜೆ ಸ್ಯಾಂಟೊರಿನಿ ಎಂಬ ಜೋಡಿ ಸಾಮಾನ್ಯ. ಪಟ್ಟಿಯಲ್ಲಿ ದ್ವೀಪಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಕಾಲಿಗೆ ಮಾತ್ರ ಬಿಡುವಿಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು ರಾತ್ರಿಗಿಂತ ಏಳು ರಾತ್ರಿಯ ಹಡಗು ಒಳ್ಳೆಯದು. ಅಷ್ಟು ರಜೆ ಇಲ್ಲದಿದ್ದರೆ ನಾಲ್ಕಕ್ಕೇ ಹೋಗಿ, ಆದರೆ ಎರಡು ಬಂದರಿರುವ ದಿನ ಒಂದರಲ್ಲಿ ಮಾತ್ರ ದೂರ ಹೋಗುವ ನಿರ್ಧಾರ ಈಗಲೇ ಮಾಡಿ.

ಯಾವ ದೇಶ? ವೀಸಾದ ಕಥೆಯೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ. 'ಗ್ರೀಕ್ ದ್ವೀಪಗಳು' ಎಂಬ ಹೆಸರಿನ ಕ್ರೂಸಿನಲ್ಲೂ ಕುಶಾದಾಸಿ ಇರುತ್ತದೆ. ಅದು ಟರ್ಕಿ. ಸೈಪ್ರಸ್‌ನ ಲಿಮಾಸೋಲ್, ಮಾಂಟೆನೆಗ್ರೋದ ಕೋಟರ್ ಬರುವ ದಾರಿಗಳೂ ಇವೆ. ಕ್ರೊಯೇಷಿಯಾ 2023ರ ಜನವರಿಯಿಂದ ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ, ಗ್ರೀಸೂ ಸೇರಿದ ಯೂರೋಪಿನ ದೇಶಗಳ ಗುಂಪು) ಒಳಗಿದೆ, ಅದರ ಚಿಂತೆ ಇಲ್ಲ.

ಹಂತ 4: ಕ್ಯಾಬಿನ್ ಹಿಡಿಯಿರಿ, ಆದರೆ ಪೂರ್ತಿ ಹಣ ಕಟ್ಟಬೇಡಿ

ದರ ಬರೆಯುವುದು ಇಬ್ಬರು ಒಂದು ಕ್ಯಾಬಿನ್ನಿನಲ್ಲಿರುತ್ತಾರೆಂಬ ಲೆಕ್ಕದಲ್ಲಿ. ಐದು ಜನರಿದ್ದರೆ ಐದನೆಯವರ ಪಾಲು ಹೆಚ್ಚುಕಡಿಮೆ ಎರಡಾಳಿನದಾಗಬಹುದು. ಆ ಹೆಚ್ಚುವರಿಯನ್ನು ಎಲ್ಲರೂ ಹಂಚಿಕೊಳ್ಳುತ್ತೀರೋ, ಅವರೇ ಕೊಡಬೇಕೋ ಎಂಬ ಮಾತು ಈಗಲೇ ಆಗಲಿ. ಹಡಗಿನ ಮೇಲೆ ಎದ್ದರೆ ಆ ಮಾತು ಜಗಳವಾಗುತ್ತದೆ.

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಸಾಕು ಎಂಬುದು ನನ್ನ ಅಭಿಪ್ರಾಯ. ಈ ದಾರಿಯಲ್ಲಿ ಹಗಲೆಲ್ಲ ನೀವು ದಡದಲ್ಲಿರುತ್ತೀರಿ. ಹೊಟ್ಟೆ ತೊಳಸುವ ಅಭ್ಯಾಸವಿದ್ದವರಿಗೆ ಮಾತ್ರ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಜಾಗ ಆರಿಸಿ, ಅಲ್ಲಿ ಓಲಾಟ ಕಡಿಮೆ. 'ಗ್ಯಾರಂಟಿ' ಎಂಬ ಅಗ್ಗದ ದರ ನೋಡಿ ಹಿಗ್ಗಬೇಡಿ: ಯಾವ ಕ್ಯಾಬಿನ್ ಎಂಬುದನ್ನು ಕಂಪನಿ ಆರಿಸುತ್ತದೆ, ಗೆಳೆಯರು ಹಡಗಿನ ಎರಡು ತುದಿಗೆ ಬೀಳುತ್ತಾರೆ. ಪ್ರತ್ಯೇಕವಾಗಿ ಬುಕ್ ಮಾಡಿದರೂ ಬುಕಿಂಗ್ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸಲು ಹೇಳಿ, ರಾತ್ರಿಯೂಟದ ಮೇಜು ಒಂದೇ ಆಗುತ್ತದೆ.

ಹಣದಲ್ಲಿ ಬಚ್ಚಿಟ್ಟುಕೊಂಡಿರುವವು ಇವು: ದಿನಕ್ಕೆ ತಲೆಗಿಷ್ಟು ಎಂದು ಸೇರುವ ಟಿಪ್ಸ್, ಇಂಟರ್ನೆಟ್, ಪಾನೀಯಗಳ ಪ್ಯಾಕೇಜ್, ದಡದ ಪ್ರವಾಸಗಳು. ಪಾನೀಯದ ಪ್ಯಾಕೇಜಿನಲ್ಲಿ ಒಂದು ಕೊಕ್ಕೆ ಇದೆ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬ ವಯಸ್ಕರೂ ಕೊಳ್ಳಲೇಬೇಕೆಂದು ಹಲವು ಕಂಪನಿಗಳು ಹಟ ಹಿಡಿಯುತ್ತವೆ. ಕುಡಿಯುವವರನ್ನು ಕುಡಿಯುವವರ ಜೊತೆ, ಕಾಫಿಯವರನ್ನು ಕಾಫಿಯವರ ಜೊತೆ ಹಾಕಿ. ಇದರ ಮೇಲೆ ಗ್ರೀಸ್ ಸರಕಾರ 2025ರ ಜುಲೈನಿಂದ ಕ್ರೂಸ್ ಪ್ರಯಾಣಿಕರಿಗೆ ಶುಲ್ಕ ಹಾಕಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ, ಮಿಕೊನೋಸ್‌ಗಳಲ್ಲಿ ಇಳಿದರೆ ತಲೆಗೆ 20 ಯೂರೋ, ಉಳಿದ ಬಂದರುಗಳಲ್ಲಿ 5. ಏಪ್ರಿಲ್, ಮೇ, ಅಕ್ಟೋಬರ್‌ಗಳಲ್ಲಿ ಇದು 12 ಮತ್ತು 3ಕ್ಕೆ ಇಳಿಯುತ್ತದೆ. ದರದಲ್ಲಿ ಸೇರಿದೆಯೇ, ಹಡಗಿನ ಬಿಲ್ಲಿಗೆ ಬರುತ್ತದೆಯೇ ಎಂದು ಕೇಳಿ.

ಇನ್ನು ಟಿಸಿಎಸ್, ಅಂದರೆ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರೇ ಹಣ ಪಡೆಯುವಾಗ ವಸೂಲು ಮಾಡುವ ತೆರಿಗೆ. ಎಲ್ಲರ ಪ್ಯಾಕೇಜ್ ಹಣವನ್ನೂ ಒಬ್ಬರೇ ಕಟ್ಟಿದರೆ ಆ ತೆರಿಗೆಯೆಲ್ಲ ಅವರ ಪ್ಯಾನ್ ಮೇಲೆಯೇ ಬೀಳುತ್ತದೆ. ರಿಟರ್ನ್ಸಿನಲ್ಲಿ ಅದನ್ನು ಮರಳಿ ಪಡೆಯುವವರೂ ಅವರೊಬ್ಬರೇ. ಗೆಳೆಯರ ನಡುವೆ ಆ ಲೆಕ್ಕ ಬಿಡಿಸುವುದಕ್ಕಿಂತ ಪ್ರತಿಯೊಬ್ಬರೂ ತಮ್ಮ ಪ್ಯಾನ್ ಕೊಟ್ಟು ತಮ್ಮ ಪಾಲನ್ನು ತಾವೇ ಕಟ್ಟುವುದು ಲೇಸು.

ಈ ಹಂತದಲ್ಲಿ ಕಟ್ಟಬೇಕಾದದ್ದು ಮುಂಗಡ ಮಾತ್ರ. ಪೂರ್ತಿ ಹಣಕ್ಕೆ ಕೊನೆಯ ದಿನ ಯಾವುದು, ಅದಕ್ಕೆ ಮುಂಚೆ ರದ್ದಾದರೆ ಎಷ್ಟು ವಾಪಸ್ ಎಂಬುದನ್ನು ಬರೆದಿಟ್ಟುಕೊಳ್ಳಿ. ವೀಸಾ ಫಲಿತಾಂಶ ಆ ದಿನದೊಳಗೆ ಬರುವಂತೆ ಮುಂದಿನ ಹಂತ ಜೋಡಿಸಬೇಕು.

ಹಂತ 5: ವೀಸಾ, ಅದರಲ್ಲೂ ಪ್ರವೇಶಗಳ ಸಂಖ್ಯೆ

ಶೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ತೀರಾ ತಡವೆಂದರೆ 15 ದಿನ ಮುಂಚೆ. ಬೇಸಿಗೆಯ ಪ್ರಯಾಣಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಆರು ತಿಂಗಳ ಬಾಗಿಲು ತೆರೆದ ಕೂಡಲೇ ಹುಡುಕಲು ಶುರುಮಾಡಿ. ವಯಸ್ಕರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ.

ಯಾವ ದೇಶಕ್ಕೆ ಅರ್ಜಿ? ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ. ಅಥೆನ್ಸಿನಿಂದ ಹೊರಟು ಅಥೆನ್ಸಿಗೇ ಮರಳುವ ಹಡಗಾದರೆ ಗ್ರೀಸ್, ಪ್ರಶ್ನೆಯೇ ಇಲ್ಲ. ಇಟಲಿಯಿಂದ ಹೊರಡುವ ಹಡಗಾದರೆ ದಾರಿಪಟ್ಟಿಯ ದಿನಗಳನ್ನು ದೇಶವಾರು ಎಣಿಸಿ. ಸಮನಾದರೆ ಮೊದಲು ಕಾಲಿಡುವ ದೇಶ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕುವ ಜಾಣತನ ಬೇಡ. ವಿದೇಶದಲ್ಲಿರುವ ಗೆಳೆಯರು ತಾವು ನೆಲೆಸಿರುವ ದೇಶದಿಂದಲೇ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡ್ ಇದ್ದರೂ ಪಾಸ್‌ಪೋರ್ಟ್ ಭಾರತದ್ದಾದರೆ ಶೆಂಗೆನ್ ವೀಸಾ ಬೇಕೇ ಬೇಕು.

ಈಗ ಮುಖ್ಯ ವಿಷಯ. ಹಡಗು ಅಥೆನ್ಸಿನಿಂದ ಕುಶಾದಾಸಿಗೆ ಹೋಗಿ ಮತ್ತೆ ಪಟ್ಮೋಸಿಗೋ ರೋಡ್ಸ್‌ಗೋ ಬಂದರೆ ನೀವು ಶೆಂಗೆನ್ ಬಿಟ್ಟು ಮರಳಿ ಬಂದ ಹಾಗೆ. ಒಂದೇ ಪ್ರವೇಶದ ವೀಸಾ ಇದ್ದರೆ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ, ಹಡಗಿಗೆ ಹತ್ತಲೇ ಬಿಡುವುದಿಲ್ಲ. ಅರ್ಜಿಯಲ್ಲಿ ಬಹು ಪ್ರವೇಶ ಎಂದು ಗುರುತು ಹಾಕಿ. ಜೊತೆಗಿಡುವ ಪತ್ರದಲ್ಲಿ ಎರಡನೇ ಸಾಲಿನಲ್ಲೇ ಹೇಳಿ: ಇಂಥ ದಿನ ಹಡಗು ಟರ್ಕಿಯ ಕುಶಾದಾಸಿಯಲ್ಲಿ ನಿಂತು ಇಂಥ ದಿನ ಗ್ರೀಸಿಗೆ ಮರಳುತ್ತದೆ, ಆದ್ದರಿಂದ ಒಂದಕ್ಕಿಂತ ಹೆಚ್ಚು ಪ್ರವೇಶ ಬೇಕು. ಹಡಗು ಕಂಪನಿಯ ದೃಢೀಕರಣ ಪತ್ರದಲ್ಲಿ ಪ್ರಯಾಣಿಕರ ಹೆಸರು, ಬಂದರುಗಳು, ಬರುವ ಹೋಗುವ ಸಮಯ ಎಲ್ಲ ಇರಲಿ. ಬರೀ ಹಣ ಕಟ್ಟಿದ ರಸೀದಿ ಸಾಲದು.

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ, ಅಲ್ಲೇ ನಿಂತು, ವೀಸಾ ಚೀಟಿ ಓದಿ. ಪ್ರವೇಶಗಳ ಜಾಗದಲ್ಲಿ 01 ಎಂದಿದ್ದರೆ ತೊಂದರೆ. 02 ಅಥವಾ 'ಮಲ್ಟ್' ಇರಬೇಕು. ತಾರೀಖುಗಳ ಅವಧಿ ಬೇರೆ, ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆ. ಎರಡರೊಳಗೂ ನಿಮ್ಮ ಪ್ರವಾಸ ಪೂರ್ತಿ ಹಿಡಿಸಬೇಕು. ತಪ್ಪಿದ್ದರೆ ತಕ್ಷಣ ಅರ್ಜಿ ಕೇಂದ್ರಕ್ಕೆ ಬರೆಯಿರಿ.

ಟರ್ಕಿಗೆ ಬೇರೆ ವೀಸಾ ಬೇಕೇ? ಹಡಗಿನಿಂದ ಕೆಲವು ಗಂಟೆ ಇಳಿದು ಅದೇ ಹಡಗಿಗೆ ಮರಳುವ ಕ್ರೂಸ್ ಪ್ರಯಾಣಿಕರಿಗೆ ವೀಸಾ ಇಲ್ಲದೆ ಬಿಡುವ ಏರ್ಪಾಡು ಟರ್ಕಿಯಲ್ಲಿದೆ. ಆದರೂ ಕಂಪನಿ ತನ್ನದೇ ಶರತ್ತು ಹಾಕಬಹುದು. 'ಭಾರತದ ಪಾಸ್‌ಪೋರ್ಟ್' ಎಂದು ಸ್ಪಷ್ಟವಾಗಿ ಬರೆದು ಕೇಳಿ, ಉತ್ತರದ ಇಮೇಲ್ ಮುದ್ರಿಸಿಟ್ಟುಕೊಳ್ಳಿ. ಹಡಗು ಇಸ್ತಾಂಬುಲ್‌ನಲ್ಲಿ ಶುರುವಾದರೆ ಅಥವಾ ಮುಗಿದರೆ ಟರ್ಕಿಯ ವೀಸಾ ಖಂಡಿತ ಬೇಕು. ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದವರು ಅದರ ಇ-ವೀಸಾಕ್ಕೆ ಪ್ರಯತ್ನಿಸಬಹುದು.

ವಿಮೆಯ ಮಾತು. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ. ಹಡಗಿನ ಆಸ್ಪತ್ರೆಯ ಬಿಲ್ ಮತ್ತು ಸಮುದ್ರದಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚನ್ನು ಪಾಲಿಸಿ ಕೊಡುತ್ತದೆಯೇ ಎಂದು ನೋಡಿ. ಎಷ್ಟೋ ಅಗ್ಗದ ಪಾಲಿಸಿಗಳು ಕ್ರೂಸನ್ನು ಹೊರಗಿಟ್ಟಿರುತ್ತವೆ.

ಹಂತ 6: ಈಗ ವಿಮಾನ, ಮತ್ತು ಒಂದು ರಾತ್ರಿ ಅಥೆನ್ಸ್

ವೀಸಾ ಅರ್ಜಿಗೆ ವಿಮಾನದ ಕಾದಿರಿಸಿದ ಪ್ರತಿ ಸಾಕು. ಹಣ ವಾಪಸ್ ಬಾರದ ಟಿಕೆಟ್ ತೆಗೆಯುವುದು ವೀಸಾ ಚೀಟಿ ಓದಿದ ಮೇಲೆ. ಬೆಂಗಳೂರಿನಿಂದ ದೋಹಾ, ದುಬೈ, ಅಬುಧಾಬಿಗಳ ಮೂಲಕ ಅಥೆನ್ಸಿಗೆ ಹೋಗಬಹುದು.

ಹಡಗು ಹೊರಡುವ ದಿನವೇ ಇಳಿಯುವ ಯೋಚನೆ ಮಾಡಬೇಡಿ, ಕನಿಷ್ಠ ಹಿಂದಿನ ದಿನ ತಲುಪಿ. ನಡುವಿನ ವಿಮಾನ ತಪ್ಪಿದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಶೆಂಗೆನ್ ಗಡಿಯಲ್ಲಿ 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಮುಖದ ಚಿತ್ರ ತೆಗೆಯುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದವಾಗಬಹುದು. ಆ ಒಂದು ದಿನದಲ್ಲಿ ಅಕ್ರೊಪೊಲಿಸ್ ನೋಡುವುದಾದರೆ ಸಮಯ ನಿಗದಿಯಾದ ಟಿಕೆಟ್ ಮೊದಲೇ ತೆಗೆಯಿರಿ. ಬಿಸಿಗಾಳಿಯ ದಿನಗಳಲ್ಲಿ ಮಧ್ಯಾಹ್ನ ಅದನ್ನು ಮುಚ್ಚುವುದುಂಟು, ಬೆಳಗಿನ ಹೊತ್ತೇ ಒಳ್ಳೆಯದು.

ವಿಮಾನ ನಿಲ್ದಾಣದಿಂದ ಅಥೆನ್ಸಿನ ಪಿರೇಯಸ್ ಬಂದರಿಗೆ ಮೆಟ್ರೊ 3ನೇ ಮಾರ್ಗ 2022ರಿಂದ ನೇರವಾಗಿ ಹೋಗುತ್ತದೆ, ಸುಮಾರು ಒಂದು ಗಂಟೆ. ಎಕ್ಸ್96 ಬಸ್ ಹಗಲು ರಾತ್ರಿ ಓಡುತ್ತದೆ. ಮೆಟ್ರೊ ಇಳಿದ ಜಾಗದಿಂದ ಕ್ರೂಸ್ ಟರ್ಮಿನಲ್‌ಗಳು ದೂರ. ಸಾಮಾನು ಎಳೆದುಕೊಂಡು ನಡೆಯದೆ ಅಲ್ಲಿಂದ ಟ್ಯಾಕ್ಸಿ ಮಾಡಿ. ಟರ್ಮಿನಲ್ ಎ, ಬಿ, ಸಿ ಎಂದು ಇವೆ, ನಿಮ್ಮದು ಯಾವುದೆಂದು ಚಾಲಕನಿಗೆ ಹೇಳಬೇಕು. ಇನ್ನೊಂದು ಎಚ್ಚರ: ಕೆಲವು ಹಡಗುಗಳು 'ಅಥೆನ್ಸ್' ಎಂದು ಬರೆದು ಲಾವ್ರಿಯೋದಿಂದ ಹೊರಡುತ್ತವೆ. ಅದು ಪಿರೇಯಸ್‌ನಿಂದ ಬಹಳ ದೂರದ ಬೇರೆಯೇ ಬಂದರು. ಹೋಟೆಲ್ ಹಿಡಿಯುವ ಮುನ್ನ ಟಿಕೆಟ್ಟಿನಲ್ಲಿ ಬಂದರಿನ ಹೆಸರು ನೋಡಿ.

ಹಂತ 7: ಚೀಲ

ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಬಿಟ್ಟು ಹೋಗಿ. ಬೆಂಕಿಯ ಭಯದಿಂದ ಹಡಗಿನವರು ಬಿಸಿ ಮಾಡುವ ಸಾಧನಗಳನ್ನು ಹತ್ತುವಾಗಲೇ ಎತ್ತಿಟ್ಟುಕೊಳ್ಳುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೂ ಅದೇ ಗತಿ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹೋಗುವುದಿಲ್ಲ, ಯೂರೋಪಿನ ಅಡಾಪ್ಟರ್ ಬೇಕು. ಚಟ್ನಿಪುಡಿ, ಚಕ್ಕುಲಿ ಸರಿ. ಯೂರೋಪಿನ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹಾಗಾಗಿ ಧಾರವಾಡ ಪೇಡಾ ಮನೆಯಲ್ಲೇ ಇರಲಿ.

ಮಂಡಿ ಮತ್ತು ಭುಜ ಮುಚ್ಚುವ ಒಂದು ಜೊತೆ ಬಟ್ಟೆ ಮಠಗಳಿಗೆ. ಜಾರದ ಅಡಿಯ ಬೂಟು, ಏಕೆಂದರೆ ಕುಶಾದಾಸಿ ಹತ್ತಿರದ ಪ್ರಾಚೀನ ನಗರ ಎಫೆಸಸ್‌ನ ಅಮೃತಶಿಲೆಯೂ ಸ್ಯಾಂಟೊರಿನಿಯ ಮೆಟ್ಟಿಲೂ ನುಣ್ಣಗೆ ಸವೆದಿವೆ. ವಾಂತಿಯ ಮಾತ್ರೆ ವೈದ್ಯರನ್ನು ಕೇಳಿ ತನ್ನಿ. ತಲೆ ಸುತ್ತಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಒಂದು ಸಾದಾ ಕೈಗಡಿಯಾರ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಹಂತ 8: ಹಡಗು ಹತ್ತುವ ದಿನ

ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಮುಗಿಸಿ, ಎಲ್ಲರೂ ಒಂದೇ ಸಮಯದ ಸ್ಲಾಟ್ ಹಿಡಿಯಿರಿ. ದೊಡ್ಡ ಪೆಟ್ಟಿಗೆಗಳನ್ನು ಕಟ್ಟೆಯಲ್ಲೇ ಒಪ್ಪಿಸುತ್ತೀರಿ, ಅವು ಕ್ಯಾಬಿನ್ನಿಗೆ ಸಂಜೆ ಬರಬಹುದು. ಪಾಸ್‌ಪೋರ್ಟ್, ಔಷಧ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಪಾಸ್‌ಪೋರ್ಟ್ ಪೆಟ್ಟಿಗೆಯೊಳಗಿಟ್ಟು ಒಪ್ಪಿಸಿಬಿಟ್ಟವರು ಗೇಟಿನಲ್ಲಿ ಪರದಾಡುವುದನ್ನು ಪ್ರತಿ ಹಡಗಿನಲ್ಲೂ ನೋಡಬಹುದು.

ಪ್ರತಿ ಕ್ಯಾಬಿನ್ನಿನ ಖರ್ಚಿಗೆ ಅವರವರ ಕಾರ್ಡೇ ಜೋಡಿಸಿ. ಡೆಬಿಟ್ ಕಾರ್ಡ್ ಕೊಟ್ಟರೆ ಹಡಗಿನವರು ಒಂದಿಷ್ಟು ಹಣ ತಡೆಹಿಡಿದು, ಪ್ರವಾಸ ಮುಗಿದು ಎಷ್ಟೋ ದಿನದ ಮೇಲೆ ಬಿಡುತ್ತಾರೆ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಹಡಗಿಗೆ ತನ್ನದೇ ಉಪಗ್ರಹ ಮೊಬೈಲ್ ಜಾಲವಿರುತ್ತದೆ. ಫೋನು ಅದಕ್ಕೆ ತಾನಾಗಿ ಅಂಟಿಕೊಂಡರೆ ಬಿಲ್ ನೋಡಿ ಎದೆ ಒಡೆಯುತ್ತದೆ. ಯೂರೋಪಿನ ಇ-ಸಿಮ್ ಕೊಂಡಿದ್ದರೆ ಅದರಲ್ಲಿ ಟರ್ಕಿ ಸೇರಿದೆಯೇ ಎಂದು ನೋಡಿ, ಹಲವದರಲ್ಲಿ ಸೇರಿರುವುದಿಲ್ಲ.

ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಬೇಸಿಗೆಯಲ್ಲಿ ಗ್ರೀಸ್, ಟರ್ಕಿ ಎರಡರದ್ದೂ ಒಂದೇ ಹೊತ್ತು. ಅಕ್ಟೋಬರಿನ ಕೊನೆಯ ಭಾನುವಾರದಿಂದ ಗ್ರೀಸ್ ಒಂದು ಗಂಟೆ ಹಿಂದೆ ಬೀಳುತ್ತದೆ, ಇಟಲಿ ಗ್ರೀಸಿಗಿಂತ ಯಾವಾಗಲೂ ಒಂದು ಗಂಟೆ ಹಿಂದೆ. ಫೋನು ಯಾವ ದಡದ ಗೋಪುರ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಹಡಗು ಹೊರಡುವುದು ಹಡಗಿನ ಗಡಿಯಾರದಲ್ಲಿ.

ಹಂತ 9: ದ್ವೀಪದ ದಿನ, ಹಿಂದಿನಿಂದ ಮುಂದಕ್ಕೆ

'ಎಲ್ಲರೂ ಹಡಗಿನಲ್ಲಿ' ಎಂದು ಬರೆದ ಸಮಯದಿಂದ ಶುರುಮಾಡಿ ಹಿಂದಕ್ಕೆ ಎಣಿಸಿ. ಹಡಗು 6ಕ್ಕೆ ಹೊರಡುತ್ತದೆ ಎಂದರೆ 5.30ಕ್ಕೆ ಮೇಲಿರಬೇಕು, ದೋಣಿಯಾದರೆ ಕೊನೆಯ ದೋಣಿಯ ಸಮಯ ಇನ್ನೂ ಮುಂಚೆ. ಅದರಿಂದ ಒಂದು ಗಂಟೆ ಕಳೆಯಿರಿ, ಅದು ನಿಮ್ಮ ಗಡುವು. ಗಡುವಿನಿಂದ ವಾಪಸ್ ಪ್ರಯಾಣದ ಸಮಯ ಕಳೆದು, ಉಳಿದದ್ದರಲ್ಲಿ ಏನು ಹಿಡಿಸುತ್ತದೆಂದು ನೋಡಿ. ಬಹುಪಾಲು ಜನ ಇದನ್ನೇ ತಲೆಕೆಳಗಾಗಿ ಮಾಡುತ್ತಾರೆ.

ಗುಂಪಿಗೊಂದು ನಿಯಮ: ಮರಳಿ ಸೇರುವ ಜಾಗ ಯಾವಾಗಲೂ ಹಡಗೇ. "ನಾಲ್ಕಕ್ಕೆ ಆ ಕೆಫೆ ಹತ್ತಿರ" ಎಂದು ಗೊತ್ತುಮಾಡಿದರೆ ಒಬ್ಬರ ತಡ ಎಂಟು ಜನರ ತಡವಾಗುತ್ತದೆ. ಇಬ್ಬರು ಮೂವರಾಗಿ ಒಡೆದು ಹೋಗಿ. ಹಡಗಿನ ಕಾರ್ಡ್, ಪಾಸ್‌ಪೋರ್ಟಿನ ಪ್ರತಿ, ಸ್ವಲ್ಪ ಯೂರೋ ಪ್ರತಿಯೊಬ್ಬರ ಜೇಬಿನಲ್ಲಿರಲಿ. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಇರಬೇಕೆಂಬ ಹಟ ಬಿಟ್ಟ ಗುಂಪುಗಳೇ ಸಂಜೆ ಊಟಕ್ಕೆ ನಗುತ್ತಾ ಕೂರುತ್ತವೆ.

ಹಡಗಿನವರ ಪ್ರವಾಸ ಕೊಳ್ಳಬೇಕೋ, ಸ್ವಂತ ಹೋಗಬೇಕೋ? ಹಡಗಿನ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆ ಕಂಪನಿಯದು. ಸ್ವಂತ ಹೋದರೆ ಹೊಣೆ ನಿಮ್ಮದು. ನಾನು ಹೇಳುವುದಾದರೆ ಎಫೆಸಸ್‌ಗೂ, ಸಂಜೆಯ ಸ್ಯಾಂಟೊರಿನಿಗೂ ಹಡಗಿನದನ್ನು ಕೊಳ್ಳಿ. ಉಳಿದ ಕಡೆ ಸ್ವಂತ ಸಾಕು.

ಸ್ಯಾಂಟೊರಿನಿಯೇ ಹೆಚ್ಚು ಜನ ಎಡವುವ ಜಾಗ, ಅದನ್ನು ಬಿಡಿಸಿ ಹೇಳಬೇಕು. ಸ್ವಂತ ಹೋಗುವವರನ್ನು ದೋಣಿ ಫಿರಾ ಊರಿನ ಬುಡದ ಹಳೇ ಬಂದರಿನಲ್ಲಿ ಇಳಿಸುತ್ತದೆ. ಊರು ಇರುವುದು ಇನ್ನೂರು ಮೀಟರಿಗೂ ಎತ್ತರದ ಕಡಿದಾದ ಬಂಡೆಯ ನೆತ್ತಿಯಲ್ಲಿ. ಹತ್ತಲು ಮೂರು ದಾರಿ: ಕೇಬಲ್ ಕಾರ್, ಐನೂರಕ್ಕೂ ಹೆಚ್ಚು ಮೆಟ್ಟಿಲು, ಕತ್ತೆ. ಕತ್ತೆಯ ಮೇಲೆ 100 ಕಿಲೋ ಮೀರಿದ ಭಾರ ಹೇರಬಾರದೆಂದು 2018ರಲ್ಲಿ ನಿಯಮ ಬಂತು. ಬಿಸಿಲಿನಲ್ಲಿ ಅವುಗಳ ಪಾಡು ನೋಡಿದರೆ ಹತ್ತುವ ಮನಸ್ಸೇ ಬರುವುದಿಲ್ಲ. ಹಡಗಿನ ಪ್ರವಾಸ ಕೊಂಡವರು ಅಥಿನಿಯೋಸ್ ಎಂಬ ಬೇರೆ ಬಂದರಿನಲ್ಲಿ ಇಳಿದು ಬಸ್ಸಿನಲ್ಲಿ ಮೇಲೆ ಹೋಗುತ್ತಾರೆ, ಅವರಿಗೆ ಹತ್ತುವ ಸಾಲಿನ ಕಾಟವಿಲ್ಲ. ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರೆಂಬ ಮಿತಿ ಈಗ ಇದ್ದರೂ ಮೂರು ಹಡಗು ಒಟ್ಟಿಗೆ ಬಂದ ದಿನ ಸಾಲು ಸಾಲೇ.

ಸ್ವಂತ ಹೋಗುವವರಿಗೆ ಕ್ರಮ ಹೀಗಿರಲಿ. ಮೊದಲ ದೋಣಿಗಳಲ್ಲೇ ಇಳಿಯಿರಿ. ಇದೊಂದು ಕಡೆ ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗುವ ಹುರುಪು ಇರಬೇಕು. ಹಳೇ ಬಂದರಿನಲ್ಲೇ ಇಯಾ ಊರಿನ ಬುಡಕ್ಕೆ ದೋಣಿ, ಅಲ್ಲಿಂದ ಮೇಲಕ್ಕೆ ಬಸ್ ಸೇರಿಸಿದ ಟಿಕೆಟ್ ಮಾರುತ್ತಾರೆ. ಅದರಲ್ಲಿ ಮೊದಲು ದೂರದ ಇಯಾ ಮುಗಿಸಿ, ಆಮೇಲೆ ಫಿರಾಕ್ಕೆ ಬಂದು, ಅಲ್ಲಿಂದ ಇಳಿಯಿರಿ. ದೂರದ್ದು ಮೊದಲು, ಹಡಗಿಗೆ ಹತ್ತಿರದ್ದು ಕೊನೆಗೆ. ಫಿರಾದಿಂದ ಇಯಾಗೆ ಬಂಡೆಯಂಚಿನಲ್ಲಿ ನಡೆಯುವ ಸುಮಾರು 10 ಕಿಲೋಮೀಟರ್ ದಾರಿ ಚೆಂದ, ಆದರೆ ಅದಕ್ಕೆ ಮೂರು ನಾಲ್ಕು ಗಂಟೆ ಬೇಕು, ಕ್ರೂಸಿನವರಿಗೆ ಹೇಳಿದ್ದಲ್ಲ.

ಸೂರ್ಯಾಸ್ತದ ಲೆಕ್ಕವೂ ಹೀಗೆಯೇ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ. ಕೊನೆಯ ದೋಣಿ 9ಕ್ಕಿದ್ದರೆ ಇಯಾದ ಆಸೆ ಬಿಡಿ. ಫಿರಾದಿಂದ ಕಾಲು ಗಂಟೆ ನಡೆದರೆ ಸಿಗುವ ಫಿರೊಸ್ಟೆಫಾನಿಯಲ್ಲಿ ನಿಂತು ಅದೇ ಸೂರ್ಯನನ್ನು ನೋಡಿ. ಮುಳುಗಿದ ಕೂಡಲೇ ಎಲ್ಲರೂ ಕೇಬಲ್ ಕಾರಿಗೆ ಓಡುತ್ತಾರೆ. ಸಾಲಿನ ಬಾಲ ಗಲ್ಲಿಯ ತಿರುವು ದಾಟಿದ್ದರೆ ನಿಂತು ಚರ್ಚಿಸಬೇಡಿ, ಮೆಟ್ಟಿಲು ಹಿಡಿಯಿರಿ. ಇಳಿಯಲು ಅರ್ಧ ಗಂಟೆ ಸಾಕು. ಕತ್ತೆಯ ಲದ್ದಿ ಇರುತ್ತದೆ, ಜಾರುತ್ತದೆ, ಗೋಡೆಯ ಬದಿ ಹಿಡಿದು ಇಳಿಯಿರಿ.

ಮಿಕೊನೋಸ್‌ನಲ್ಲಿ ಹಡಗು ಕಟ್ಟೆಗೆ ಬಂದರೆ ಅದು ತೂರ್ಲೋಸ್ ಎಂಬ ಹೊಸ ಬಂದರು, ಊರಿನಿಂದ ಎರಡು ಕಿಲೋಮೀಟರ್. ಸೀಬಸ್ ಎಂಬ ದೋಣಿ ಹಳೇ ಬಂದರಿಗೆ ಬಿಡುತ್ತದೆ. ಅಲ್ಲಿಂದ ಪ್ರಾಚೀನ ಅವಶೇಷಗಳ ಡೆಲೋಸ್ ದ್ವೀಪಕ್ಕೆ ಅರ್ಧ ಗಂಟೆಯ ದೋಣಿ. ಹಡಗು ಇಡೀ ದಿನ ನಿಂತರೆ ಮಾತ್ರ ಹೋಗಿ. ನೆರಳಿಲ್ಲ, ನೀರು ಜೊತೆಗಿರಲಿ. ಮಿಕೊನೋಸ್‌ನಲ್ಲಿ ಗುಂಪುಗಳು ನಾಲ್ಕು ಚಕ್ರದ ಕ್ವಾಡ್ ಬೈಕ್ ಬಾಡಿಗೆಗೆ ಹಿಡಿಯುವುದು ಇನ್ನೊಂದು ಖಾಯಿಲೆ. ನಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿ ಇಲ್ಲದಿದ್ದರೆ, ಅಥವಾ ಆ ವರ್ಗದ ವಾಹನಕ್ಕೆ ಲೈಸೆನ್ಸ್ ಇಲ್ಲದಿದ್ದರೆ, ಬಿದ್ದಾಗ ವಿಮೆ ಕೈಯೆತ್ತುತ್ತದೆ. ಕೇಳದೆಯೇ ಬೀಗದಕೈ ಕೊಡುವ ಅಂಗಡಿಯೇ ಎಚ್ಚರಿಕೆಯ ಗುರುತು.

ರೋಡ್ಸ್ ಸುಲಭ. ಹಡಗಿನಿಂದ ಹತ್ತು ನಿಮಿಷ ನಡೆದರೆ ಕೋಟೆಯ ಬಾಗಿಲು. ಒಳಗೆ ನೈಟ್‌ಗಳ ಬೀದಿ, ಅರಮನೆ. ಅದೇ ದ್ವೀಪದ ಲಿಂಡೋಸ್ ಊರು ಸುಮಾರು 50 ಕಿಲೋಮೀಟರ್, ಆರು ಗಂಟೆಗಿಂತ ಕಡಿಮೆ ಇದ್ದರೆ ಬೇಡ. ಹೆರಾಕ್ಲಿಯನ್‌ನಿಂದ ಪ್ರಾಚೀನ ಅರಮನೆಯ ಅವಶೇಷಗಳಿರುವ ಕ್ನೋಸೋಸ್ ಐದು ಕಿಲೋಮೀಟರ್, ಊರಿನ ಬಸ್ಸೇ ಹೋಗುತ್ತದೆ. ಹಡಗಿನ ಬಸ್ಸುಗಳ ಮುಂಚೆ ತಲುಪಿದರೆ ನೋಡಿದಂತಾಗುತ್ತದೆ. ಪಟ್ಮೋಸಿನಲ್ಲಿ 1088ರಲ್ಲಿ ಕಟ್ಟಲು ಶುರುವಾದ ಸಂತ ಜಾನನ ಮಠ ಗುಡ್ಡದ ಮೇಲಿದೆ. ಟ್ಯಾಕ್ಸಿಯಲ್ಲಿ ಮೇಲೆ ಹೋಗಿ, ನಡೆದು ಇಳಿಯುತ್ತಾ ದಾರಿಯಲ್ಲಿರುವ ಸಂತ ಜಾನನ ಗುಹೆ ನೋಡಿ. ಕುಶಾದಾಸಿಯಿಂದ ಎಫೆಸಸ್ ಸುಮಾರು 20 ಕಿಲೋಮೀಟರ್. ತೀರಾ ಅಗ್ಗದ ಪ್ರವಾಸ ಎಂದರೆ ನಡುವೆ ಕಾರ್ಪೆಟ್, ಚರ್ಮದ ಅಂಗಡಿಗಳಲ್ಲಿ ಒಂದೊಂದು ಗಂಟೆ ಎಂದೇ ಅರ್ಥ.

ಸಸ್ಯಾಹಾರಿಗಳಿಗೆ ಒಂದು ಮಾತು. ಹಡಗಿಗೆ ಬುಕಿಂಗ್ ಸಮಯದಲ್ಲೇ ತಿಳಿಸಿ, ಹತ್ತಿದ ದಿನ ಊಟದ ಮನೆಯ ಮುಖ್ಯಸ್ಥರಿಗೆ ಮತ್ತೆ ಹೇಳಿ. ದ್ವೀಪಗಳಲ್ಲಿ ಹೊಟ್ಟೆಗೆ ಕೊರತೆಯಿಲ್ಲ: ಸ್ಯಾಂಟೊರಿನಿಯ ಫಾವಾ ಎಂಬ ಬೇಳೆಯ ಮುದ್ದೆ, ಟೊಮೆಟೊ ವಡೆ, ದೊಡ್ಡ ಬಿಳಿ ಅವರೆಯ ಗಿಗಾಂತೆಸ್, ಕ್ರೀಟಿನ ಡಾಕೋಸ್. ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿಯಲ್ಲಿ ಕೈಮಾ ಇರಬಹುದು. "ಹೊರಿಸ್ ಕ್ರೆಆಸ್, ಹೊರಿಸ್ ಪ್ಸಾರಿ" ಎಂದರೆ ಮಾಂಸ ಬೇಡ, ಮೀನು ಬೇಡ.

ಹಂತ 10: ಹಡಗು ತಪ್ಪಿಯೇಬಿಟ್ಟರೆ

ದಡದಿಂದ ಕಿರುಚಿ ಪ್ರಯೋಜನವಿಲ್ಲ. ಹಡಗಿನವರು ದಿನಾ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಪ್ರತಿ ಬಂದರಿನ ಏಜೆಂಟರ ಫೋನ್ ಸಂಖ್ಯೆ ಇರುತ್ತದೆ. ಇಳಿಯುವ ಮುನ್ನ ಪ್ರತಿದಿನ ಅದರ ಫೋಟೋ ತೆಗೆಯಿರಿ. ತಡವಾಗುತ್ತದೆ ಅನಿಸಿದ ಕೂಡಲೇ ಅವರಿಗೆ ಕರೆಮಾಡಿ. ಹಡಗಿನವರು ಕ್ಯಾಬಿನ್ನಿನಲ್ಲಿ ಪಾಸ್‌ಪೋರ್ಟ್ ಹುಡುಕಿ ಏಜೆಂಟರ ಬಳಿ ಬಿಟ್ಟು ಹೋಗುವುದುಂಟು. ಮುಂದಿನ ಬಂದರು ಗ್ರೀಸಿನದಾದರೆ ಫೆರ್ರಿಯಲ್ಲೋ ವಿಮಾನದಲ್ಲೋ ಹೋಗಿ ಸೇರಿಕೊಳ್ಳಬಹುದು, ಖರ್ಚು ನಿಮ್ಮದೇ. ಮುಂದಿನದು ಟರ್ಕಿಯಾದರೆ ಹಡಗಿನಿಂದ ಇಳಿಯುವವರಿಗೆ ಇರುವ ರಿಯಾಯಿತಿ ನಿಮಗಿಲ್ಲ; ಹಡಗು ಗ್ರೀಸಿಗೆ ಮರಳುವ ಬಂದರಿಗೆ ಹೋಗಿ ಕಾಯಿರಿ.

ಹಂತ 11: ಇಳಿಯುವ ಬೆಳಿಗ್ಗೆ

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲಾಚೆ ಇಡಬೇಕು. ಮರುದಿನ ಹಾಕುವ ಬಟ್ಟೆಯನ್ನೂ ಅದರಲ್ಲೇ ತುಂಬಿ ಕಳಿಸಿಬಿಡುವವರು ಗುಂಪಿಗೊಬ್ಬರಾದರೂ ಇರುತ್ತಾರೆ. ಅದೇ ರಾತ್ರಿ ಕ್ಯಾಬಿನ್ನಿನ ಬಿಲ್ ತೆರೆದು ಸಾಲು ಸಾಲಾಗಿ ನೋಡಿ; ತಪ್ಪಿದ್ದರೆ ಮುಂಜಾನೆಯ ಉದ್ದ ಸಾಲಿಗೆ ಕಾಯದೆ ಆಗಲೇ ಸ್ವಾಗತ ಕೌಂಟರಿಗೆ ಹೋಗಿ. ಪಾಸ್‌ಪೋರ್ಟ್ ಹಡಗಿನವರ ಬಳಿ ಇದ್ದರೆ ಮರಳಿ ಪಡೆದಿರೋ ಎಂದು ಎಲ್ಲರನ್ನೂ ಕೇಳಿ. ಹಡಗು ಬೆಳಿಗ್ಗೆ 7ಕ್ಕೆ ಪಿರೇಯಸ್ ತಲುಪಿದರೂ ಮಧ್ಯಾಹ್ನ 1ರ ಮುಂಚಿನ ವಿಮಾನ ಹಿಡಿಯಲು ಹೋಗಬೇಡಿ.